ಗೋಡೆಯಾಚೆಗೆ ಕೂಗುವ ಕೆಲಸ

ಕೊಟೊಮಿಯನ್ನು ಸಾಕಿದವರು ತಾತ, ಅಜ್ಜಿ. ಓಸಾಕಾದ ಅವರ ಓಣಿಯ ಸಾರ್ವಜನಿಕ ಬಚ್ಚಲಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಸೂರು ಮುಟ್ಟದ ಒಂದು ಗೋಡೆ. ಹೊರಡುವ ಹೊತ್ತಿಗೆ ಅಜ್ಜಿ ಈಚೆಯಿಂದ "ರೀ, ನಾವು ಹೊರಟ್ವಿ!" ಎಂದು ಕೂಗುವುದು, ತಾತ ಗೆಂಜೊ ಬಿಸಿನೀರಿನ ತೊಟ್ಟಿಯಿಂದ ಏಳುವುದು. ಅಜ್ಜಿ ತೀರಿಕೊಂಡ ಮೇಲೆ ಕೂಗುವ ಕೆಲಸ ಹದಿನಾರರ ಕೊಟೊಮಿಯ ತಲೆಗೆ ಬಂತು.

ಕೂಗಲು ಅವಳಿಗೆ ದನಿಯೆಲ್ಲಿತ್ತು? ಶಾಲೆ, ಟ್ಯೂಷನ್, ಪರೀಕ್ಷೆ, ಬೆನ್ನ ಹಿಂದೆ ಹುಡುಗಿಯರ ಪಿಸುಮಾತು, ಎಲ್ಲ ಎದೆಯ ಮೇಲೆ ಭಾರವಾಗಿ ಕೂತು ಅವಳ ಮಾತು "ಹೂಂ", "ಉಹೂಂ"ಗೆ ಇಳಿದಿತ್ತು. ಪ್ಲಾಸ್ಟಿಕ್ ಬೋಗುಣಿಯಿಂದ ಗೋಡೆ ಬಡಿದು ಸುಮ್ಮನಾಗುತ್ತಿದ್ದಳು.

ಇವತ್ತು ದಾರಿಯಲ್ಲೇ ತಾತ ಹೇಳಿಬಿಟ್ಟಿದ್ದ: "ಇನ್ಮೇಲೆ ಬೋಗುಣಿ ಬಡಿದ್ರೆ ನಾನು ಏಳಲ್ಲ. ನಿಮ್ಮಜ್ಜಿ ಇಲ್ಲ, ನೀನೂ ಮಾತಾಡಲ್ಲ. ಗಡಿಯಾರದ ಜೊತೆ ಎಷ್ಟು ಅಂತ ಮಾತಾಡ್ಲಿ?"

ರಕ್ತದೊತ್ತಡದ ಮನುಷ್ಯ, ಸುಡುವ ನೀರು, ಮೇಲೆ ಹಟ. ಹೊರಡುವ ಹೊತ್ತಿಗೆ ಕೊಟೊಮಿ ಎಂದಿನಂತೆ ಗೋಡೆ ಬಡಿದಳು. ತಾತ ಎದ್ದ ಸದ್ದು ಬರಲಿಲ್ಲ. ಮತ್ತೆ ಬಡಿದಳು.

"ಏನಮ್ಮಾ, ತಾತನ್ನ ಅಲ್ಲೇ ಬೇಯಿಸ್ತೀಯಾ?" ಎಂದು ಪಕ್ಕದಲ್ಲಿ ಮೀಯುತ್ತಿದ್ದ ತೋಫು ಅಂಗಡಿಯ ಫುಸಾಯೆ ನಕ್ಕಳು. ಹುಡುಗಿಯ ಮುಖ ನೋಡಿ ನಗು ನಿಲ್ಲಿಸಿ, ಗೋಡೆಯಾಚೆಗಿದ್ದ ಗಂಡನನ್ನು ಕೂಗಿದಳು: "ರೀ, ಗೆಂಜೊ ಹೇಗಿದ್ದಾರೆ?"

"ಬೆಂದ ಆಕ್ಟೋಪಸ್ ಥರ ಕೆಂಪಗಾಗಿದ್ದಾನೆ ಕಣೇ! ಏಳಯ್ಯಾ ಅಂದ್ರೆ ತಲೆ ಅಲ್ಲಾಡಿಸ್ತಾನೆ!"

ಕೊಟೊಮಿ ಬಾಯಿ ತೆರೆದಳು. ಮೊದಲು ಬರೀ ಗಾಳಿ ಬಂತು.

"ತಾತಾ! ಎದ್ದೇಳು!"

ತೆರೆದ ಬಾಯಿ ಮುಚ್ಚಲಿಲ್ಲ. "ನಂಗೆ ಆಗ್ತಿಲ್ಲ ತಾತಾ! ಆ ಶಾಲೆ ಆಗ್ತಿಲ್ಲ, ಟ್ಯೂಷನ್ ಆಗ್ತಿಲ್ಲ, ಬೆಳಿಗ್ಗೆ ಏಳೋಕೇ ಭಯ ಆಗುತ್ತೆ! ನೀನೂ ಹೋಗ್ಬಿಟ್ರೆ ನಾನು ಯಾರಿಗೆ ಹೇಳ್ಲಿ?"

ಎರಡೂ ಕಡೆ ನಲ್ಲಿಗಳು ಒಂದೊಂದಾಗಿ ನಿಂತವು. ಹೆಂಗಸರೆಲ್ಲ ತನ್ನನ್ನೇ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು, ನಾಚಿಕೆಗೆ ಪುರುಸೊತ್ತಿರಲಿಲ್ಲ. ಆಚೆಯಿಂದ ದಳದಳ ನೀರಿಳಿಯುವ ಸದ್ದು ಬಂತು.

"ಎದ್ದೆ ಕಣಮ್ಮಾ," ಎಂದ ತಾತ.

ಹೊರಗೆ ಅವನು ಕೆಂಪಗೆ, ಗೋಡೆ ಹಿಡಿದು ನಿಂತಿದ್ದ. ಕೊಟೊಮಿ ಓಡಿಹೋಗಿ ತೋಳು ಹಿಡಿದಳು. ಇಬ್ಬರೂ ಬೆಂಚಿನ ಮೇಲೆ ಕೂತರು.

"ಕಿವಿಗೆ ನೀರು ಹೋಗಿತ್ತು, ಒಂದೂ ಸರಿಯಾಗಿ ಕೇಳಿಸ್ಲಿಲ್ಲ," ಎಂದ ತಾತ ಕಣ್ಣೊರೆಸಿಕೊಳ್ಳುತ್ತ. "ಮೊದಲಿಂದ ಹೇಳು. ಗಟ್ಟಿಯಾಗಿ ಹೇಳು."

ಶುದ್ಧ ಸುಳ್ಳು. ಅದು ಗೊತ್ತಿದ್ದೂ ಅವಳು ಮೊದಲಿಂದ ಹೇಳಿದಳು.