ಸ್ಟ್ರೆಸ್ ಟೆಸ್ಟಿಗೆ ತಯಾರಿ

ಟೆಕ್ಸಸ್ಸಿನ ಸೈಪ್ರೆಸ್ ಎಂಬ ಊರಿನ ಈ ಹೊಸ ಮನೆಗೆ ಬಂದು ಮೂರು ವಾರವಾಯಿತು. ಅರ್ಧ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿಲ್ಲ. ಇವತ್ತು ಬೆಳಿಗ್ಗೆ ಹಳೆಯ ಅಂಗಿಗಳನ್ನು ಮುಂದೆ ಹಾಕಿಕೊಂಡು, ಇದು ದಾನಕ್ಕೆ, ಇದು ನನಗೆ ಎಂದು ವಿಂಗಡಿಸುತ್ತಿದ್ದೆ. ಒಂದು ನೀಲಿ ಚೌಕಳಿ ಅಂಗಿಯ ಜೇಬಿನ ಮೇಲೆ ಬೆರಳಿಗೆ ಏನೋ ತಗುಲಿತು. ಹಳೆಯ ಒಂದು ರೂಪಾಯಿಯಷ್ಟು ಅಗಲದ ಬಿಳಿ ಬಿಲ್ಲೆ, ನಡುವೆ ಪ್ರೆಸ್ ಬಟನ್ನಿನಂಥ ಲೋಹದ ಚುಕ್ಕೆ. ಎದೆಬಡಿತ ನೋಡುವಾಗ ಆಸ್ಪತ್ರೆಯಲ್ಲಿ ಮೈಗೆ ಅಂಟಿಸುತ್ತಾರಲ್ಲ, ಅದು. ಐದು ವರ್ಷದಿಂದ ಅಲ್ಲೇ ಇದೆ ಅಂದರೆ ಅಂಗಿಯನ್ನು ಒಮ್ಮೆಯೂ ಒಗೆದಿಲ್ಲ ಅಂತಾಯಿತು. ನಮ್ಮವಳ ಕಣ್ಣಿಗೆ ಬೀಳುವ ಮೊದಲೇ ಅಂಗಿಯನ್ನು ದಿಂಬಿನ ಕೆಳಗೆ ಸೇರಿಸಿದೆ.

ಆ ಬಿಲ್ಲೆ ನನ್ನದಲ್ಲ, ಶಿವಾನಂದನದು.

ಆಗ ನಾವು ಡಲ್ಲಾಸಿನ ಹತ್ತಿರ ಕಾಪೆಲ್‌ನಲ್ಲಿದ್ದೆವು. ಶಿವಾನಂದ ಇಳಕಲ್ಲಿನವನು. ಇಳಕಲ್ಲೆಂದರೆ ಎಲ್ಲರಿಗೂ ಸೀರೆ ನೆನಪಾಗುತ್ತದೆ; ಇವನಿಗೆ ಮಾತ್ರ ಕಲ್ಲು. ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೂರಿಸುವ ಅಂಗಡಿ ಇಟ್ಟುಕೊಂಡಿದ್ದ. ನಮ್ಮ ಮನೆಗೂ ಅವನೇ ಕೂರಿಸಿದ. ಕೂರಿಸಿದ ದಿನ ನಮ್ಮವಳು ಕೊಟ್ಟ ಉಪ್ಪಿಟ್ಟು ತಿಂದು, “ಉಪ್ಪಿಟ್ಟು ಭಾಳ ಮೆತ್ತಗಾಗೇತ್ರಿ ಅಕ್ಕಾರ, ಕಲ್ಲು ಮಾತ್ರ ಗಟ್ಟಿ ಐತಿ” ಅಂದ. ಅಷ್ಟು ಹೇಳಿಯೂ ಅವಳ ಮೆಚ್ಚುಗೆ ಉಳಿಸಿಕೊಂಡ ಗಂಡಸು ನನಗೆ ತಿಳಿದಂತೆ ಅವನೊಬ್ಬನೇ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವನು. ಅವತ್ತಿನಿಂದ ಶನಿವಾರಗಳಲ್ಲಿ ಬರತೊಡಗಿದ.

ಐದು ವರ್ಷದ ಹಿಂದೆ ಅವನ ಸಂಸಾರ ಮುರಿಯಿತು. ಹೆಂಡತಿ ಮಗಳನ್ನು ಕರೆದುಕೊಂಡು ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆದಳು. ತಪ್ಪು ಯಾರದೆಂದು ನಾನು ಕೇಳಲಿಲ್ಲ. ಕೇಳದೇ ಇರುವುದು ದೊಡ್ಡತನವೆಂದು ತಿಳಿದಿದ್ದೆ. “ಆರಾಮಾ?” ಎನ್ನುತ್ತಿದ್ದೆ. ಅವನು “ಆರಾಮ್ರಿ ಸರ” ಎನ್ನುತ್ತಿದ್ದ. ಈ ಪದ ಎಂಥ ಅನುಕೂಲದ್ದು ನೋಡಿ. ಪ್ರಶ್ನೆಯೂ ಅದೇ, ಉತ್ತರವೂ ಅದೇ, ನಡುವೆ ಯಾರೂ ಏನನ್ನೂ ಹೇಳಬೇಕಾಗಿಲ್ಲ.

ಆ ಬೇಸಿಗೆಯಲ್ಲಿ ಅವನು ಓಡಲು ಶುರುಮಾಡಿದ. ಅದೂ ನಡು ಮಧ್ಯಾಹ್ನ. ಟೆಕ್ಸಸ್ಸಿನ ಆಗಸ್ಟಿನ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಒಳ್ಳೆಯದೇ. ಕಾರಿನ ಬಾಗಿಲು ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಮೈ ಇಳಿಯಿತು, ಕೆನ್ನೆ ಒಳಸೇರಿತು. ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. “ನೋಡಿ ಕಲೀರಿ, ಏನ್ ಡಿಸಿಪ್ಲಿನ್ನು!” ಎಂದು ನಮ್ಮವಳು ನನ್ನ ಹೊಟ್ಟೆ ನೋಡಿ ಹೇಳಿದಳು. ನಾನೂ ಒಂದು ಜೊತೆ ಶೂಸ್ ಕೊಂಡೆ. ಅವು ಈಗಲೂ ಹೊಸವಾಗಿಯೇ ಇವೆ.

ಒಂದು ದಿನ ಅವನು ರಸ್ತೆಬದಿಯಲ್ಲಿ ಕುಸಿದುಬಿದ್ದ. ಯಾರೋ ಪುಣ್ಯಾತ್ಮರು ನೀರು ಹಾಕಿ ಆಸ್ಪತ್ರೆಗೆ ಸೇರಿಸಿದರು. ಬಿಸಿಲಿನ ಹೊಡೆತ ಎಂದರು. ಎರಡು ದಿನ ಇಟ್ಟುಕೊಂಡು ಕಳಿಸಿದರು. ಹೃದಯವನ್ನೂ ಒಮ್ಮೆ ನೋಡಿಬಿಡೋಣ ಎಂದು ಹದಿನೈದು ದಿನ ಬಿಟ್ಟು ಸ್ಟ್ರೆಸ್ ಟೆಸ್ಟಿಗೆ ಬರಹೇಳಿದರು. ಕರೆದುಕೊಂಡು ಹೋಗುವ ಕೆಲಸ ನನಗೆ ಬಿತ್ತು.

ಇನ್ನು ನನ್ನ ದಡ್ಡತನದ ಕತೆ. ಸ್ಟ್ರೆಸ್ ಟೆಸ್ಟ್ ಎಂದರೆ ಟೆನ್ಷನ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಎಂದೇ ನಾನು ತಿಳಿದಿದ್ದೆ. ಎದುರಿಗೆ ಕೂರಿಸಿಕೊಂಡು ನಿದ್ದೆ ಬರುತ್ತದೆಯೇ, ಮನೆಯಲ್ಲಿ ಹೇಗೆ ಎಂದೆಲ್ಲ ಕೇಳುತ್ತಾರೆ, ಮಾರ್ಕ್ಸ್ ಹಾಕುತ್ತಾರೆ ಎಂದು. ಪರೀಕ್ಷೆ ಎಂದ ಮೇಲೆ ತಯಾರಿ ಬೇಡವೇ? ಡ್ರೈವಿಂಗ್ ಟೆಸ್ಟಿನಿಂದ ಸಿಟಿಜನ್‌ಶಿಪ್ ಟೆಸ್ಟಿನವರೆಗೆ ಯಾವುದಕ್ಕೂ ನಾವು ತಯಾರಿಯಿಲ್ಲದೆ ಹೋದವರಲ್ಲ. ಕಾರು ಹೊರಟ ಕೂಡಲೇ ಪಾಠ ಶುರುಮಾಡಿದೆ.

“ನೋಡು ಶಿವಾನಂದ, ನಿದ್ದೆ ಬರುತ್ತಾ ಅಂದ್ರೆ ಎಂಟು ಗಂಟೆ ಅನ್ನು. ಬೇಜಾರಾಗುತ್ತಾ ಅಂದ್ರೆ ಇಲ್ಲ ಅನ್ನು. ಸಾಯಬೇಕು ಅನಿಸುತ್ತಾ ಅಂತಲೂ ಕೇಳ್ತಾರಂತೆ ಕಣಯ್ಯ ಈ ದೇಶದಲ್ಲಿ, ನಾಚಿಕೆಯಿಲ್ಲದೆ. ಛೆ ಛೆ ಅನ್ನು. ಹೂಂ ಅಂದ್ರೆ ಬರೆದುಕೊಂಡುಬಿಡ್ತಾರೆ. ಆಮೇಲೆ ಮಗಳನ್ನ ನೋಡೋಕೂ ಬಿಡದೆ ಹೋದಾರು.”

“ಹೂಂನ್ರಿ ಸರ” ಎಂದ. ದಾರಿಯುದ್ದಕ್ಕೂ ನಾನು ಪ್ರಶ್ನೆ ಕೇಳಿದೆ, ಅವನು ಉತ್ತರ ಒಪ್ಪಿಸಿದ. ಒಂದೂ ತಪ್ಪಲಿಲ್ಲ. ನನಗೆ ಹೆಮ್ಮೆಯಾಯಿತು.

ಅಲ್ಲಿ ನೋಡಿದರೆ ಪ್ರಶ್ನೆಯೇ ಇಲ್ಲ! ಅಂಗಿ ಬಿಚ್ಚಿಸಿ, ಎದೆಗೆ ಬಿಲ್ಲೆಗಳನ್ನು ಅಂಟಿಸಿ, ಟ್ರೆಡ್‌ಮಿಲ್ ಮೇಲೆ ಓಡಿಸಿದರು. ನಾನು ಹೊರಗೆ ಕೂತು ನನ್ನ ಮೂರ್ಖತನಕ್ಕೆ ನಾನೇ ನಕ್ಕೆ. ಎತ್ತರದ ಒಬ್ಬ ನರ್ಸಮ್ಮ ಅವನನ್ನು ಹೊರಗೆ ಕರೆತಂದು, “ಇವರ ಹೃದಯ ಇಪ್ಪತ್ತೈದರ ಹುಡುಗನದು. ಅಷ್ಟು ಬಿಸಿಲು ತಿಂದರೂ ಏನೂ ಆಗಿಲ್ಲ” ಅಂದಳು. ಶಿವಾನಂದನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಎಂದುಕೊಂಡು ನಾನು ಅವನ ಬೆನ್ನು ತಟ್ಟಿದೆ.

ಕಾರಿನಲ್ಲಿ ಕೂತ ಮೇಲೆ ಅವನು ಬೆಲ್ಟ್ ಹಾಕಿಕೊಳ್ಳಲಿಲ್ಲ. ಒಂದು ಬಿಲ್ಲೆ ಎದೆಯಲ್ಲೇ ಉಳಿದಿತ್ತು. ಅದನ್ನು ಕಿತ್ತು ಕೈಯಲ್ಲಿ ತಿರುಗಿಸುತ್ತಿದ್ದ.

“ಎದಿ ಅನ್ನೂದು ಕತ್ತಿ ಐತ್ರಿ ಸರ” ಅಂದ.

“ಮತ್ತೆ! ಖಡ್ಗ ಕಣಯ್ಯ ನಿನ್ನದು” ಎಂದೆ ನಾನು.

“ಆ ಕತ್ತಿ ಅಲ್ರಿ. ಅಗಸರ ಮನಿ ಕತ್ತಿ. ಎಷ್ಟ್ ಹೇರಿದ್ರೂ ಹೊರತೈತಿ. ನಿಂದ್ರು ಅಂದ್ರೂ ನಿಂದರೂದಿಲ್ಲ.”

ಅವರ ಕಡೆ ಕತ್ತೆಗೆ ಕತ್ತಿ ಎನ್ನುತ್ತಾರೆಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಉಳಿದದ್ದು ಹೊಳೆಯಲು ಇನ್ನೊಂದು ಗಳಿಗೆ. ನಗಲು ತೆರೆದ ಬಾಯಿ ಹಾಗೇ ಉಳಿಯಿತು.

“ಯಾರಿಗೆ ನಿಲ್ಲು ಅಂದೆ ನೀನು?”

“ಒಳಗ ಯಾರೂ ಏನೂ ಕೇಳಲಿಲ್ರಿ ಸರ. ದಾರ್‍ಯಾಗ ಎಲ್ಲಾ ಬಾಯಿಪಾಠ ಮಾಡಿಸಿದ್ರಿ. ಕೇಳ್ರಿ ಈಗ, ನೀವ ಕೇಳ್ರಿ” ಅಂದ.

ನಿದ್ದೆಯಿಂದ ಶುರುಮಾಡಲೇ ಎಂದು ಯೋಚಿಸಿದ್ದು ನೆನಪಿದೆ. ಅಂಥ ಹೊತ್ತಿನಲ್ಲೂ ಮನುಷ್ಯ ಪಾಠದ ಕ್ರಮ ಬಿಡುವುದಿಲ್ಲ. ಕೊನೆಗೆ, ಕಾರಿನಲ್ಲಿ ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ ಪಿಸುಮಾತಿನಲ್ಲಿ ಕೇಳಿದೆ.

“ಸಾಯಬೇಕು ಅನಿಸುತ್ತಾ?”

“ಹೂಂನ್ರಿ.”

ಕಲಿಸಿದ್ದು ಛೆ ಛೆ. ಹೇಳಿದ್ದು ಹೂಂ. ಹೇಳಿದವನೇ ಮುಂದಕ್ಕೆ ಬಾಗಿ, ಕೈಯಲ್ಲಿದ್ದ ಬಿಲ್ಲೆಯನ್ನು ನನ್ನ ಜೇಬಿನ ಮೇಲೆ ಅಂಟಿಸಿ, ಅಲ್ಲೇ ಹಣೆ ಇಟ್ಟು ಅತ್ತ. ಬಿಲ್ಲೆ ಯಾಕೆ ಅಂಟಿಸಿದ? ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಅವನಿಗೂ ಗೊತ್ತಿಲ್ಲ.

ಅವನ ಕೈ ಹಿಡಿದುಕೊಂಡು ವಾಪಸ್ಸು ಒಳಗೆ ಹೋದೆ. ನಲವತ್ತು ವರ್ಷ ಇಂಗ್ಲಿಷಿನಲ್ಲಿ ದುಡಿದವನಿಗೆ ಒಂದು ವಾಕ್ಯ ಕೂಡಿಬರಲಿಲ್ಲ. “ಇವನು ಸ್ಟ್ರೆಸ್ ಟೆಸ್ಟಲ್ಲಿ ಫೇಲ್ ಆಗಿದ್ದಾನೆ” ಎಂದುಬಿಟ್ಟೆ.

ಆ ನರ್ಸಮ್ಮ ಕಂಪ್ಯೂಟರ್ ನೋಡಿ, “ಇಲ್ಲವಲ್ಲ, ಚೆನ್ನಾಗಿಯೇ ಬಂದಿದೆ” ಅಂದಳು.

“ಅದಲ್ಲ. ನೀವು ಮಾಡದೇ ಇರುವ ಟೆಸ್ಟು.”

ಅವಳು ಕಂಪ್ಯೂಟರ್ ಬಿಟ್ಟು ಅವನ ಮುಖ ನೋಡಿದಳು. ನಮ್ಮನ್ನು ಒಂದು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿ, ಅದೇ ಪ್ರಶ್ನೆಯನ್ನು ಅವನಿಗೆ ಕೇಳಿದಳು. ಪಿಸುಗುಟ್ಟಲಿಲ್ಲ. ಜ್ವರ ಇದೆಯಾ ಎಂದು ಕೇಳುವ ಹಾಗೆ ಕೇಳಿದಳು. ಅವನು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಹೇಳತೊಡಗಿದ. ಆ ಬಿಸಿಲಿಗೆ ಯಾಕೆ ಓಡುತ್ತಿದ್ದ ಎಂಬುದನ್ನೂ ಹೇಳಿದ. ನಾವು ಡಿಸಿಪ್ಲಿನ್ ಎಂದು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ ಎಂದು ಅಲ್ಲಿ ಕೂತು ಕೇಳಿಸಿಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಡಾಕ್ಟರು ಬಂದರು, ಮಾತಾಡಿಸುವವರು ಬಂದರು. ಔಷಧಿ, ವಾರಕ್ಕೊಮ್ಮೆ ಕೌನ್ಸೆಲಿಂಗ್. ಒಂದು ತಿಂಗಳು ನಮ್ಮ ಮನೆಯಲ್ಲೇ ಇದ್ದ. ಮೆತ್ತಗಿನ ಉಪ್ಪಿಟ್ಟನ್ನು ಮಾತಿಲ್ಲದೆ ತಿಂದ. ನಾನು ಹೆದರಿದಂತೆ ಮಗಳನ್ನು ಅವನಿಂದ ಯಾರೂ ತಪ್ಪಿಸಲಿಲ್ಲ. ಸರಿಹೋಗಲು ಎರಡು ವರ್ಷ ಹಿಡಿಯಿತು, ಅದೂ ಒಂದೇ ಸಮನೆ ಅಲ್ಲ. ಈಗ ಅವನೂ ಫ್ಲೂಗರ್‌ವಿಲ್‌ನಲ್ಲೇ ಅಂಗಡಿ ಇಟ್ಟಿದ್ದಾನೆ. ಅಪ್ಪ ಕನ್ನಡದಲ್ಲಿ ಬೈದರೆ ಮಗಳು ಇಂಗ್ಲಿಷಿನಲ್ಲಿ ವಾದಿಸುತ್ತಾಳಂತೆ.

ಒಂದು ಮಾತ್ರ ನನಗೆ ಬಗೆಹರಿದಿಲ್ಲ. ಧೈರ್ಯಸ್ಥನಿಗೆ ನಾವು ಎಂಟೆದೆಯವನು ಎನ್ನುತ್ತೇವೆ, ದುಃಖಕ್ಕೆ ಎದೆ ಒಡೆಯಿತು ಎನ್ನುತ್ತೇವೆ. ಎಲ್ಲವನ್ನೂ ಎದೆಯ ತಲೆಗೇ ಕಟ್ಟುತ್ತೇವೆ. ಅವನ ಎದೆಯೋ ಒಡೆಯಲೂ ಇಲ್ಲ, ಒಡೆಯನ ಮಾತು ಕೇಳಲೂ ಇಲ್ಲ. ಹಾಗಾದರೆ ಬದುಕಬೇಕೆಂದಿದ್ದವನು ಯಾರು, ಬೇಡವೆಂದವನು ಯಾರು? ಒಬ್ಬನೇ ಶಿವಾನಂದ ತಾನೇ? ಯೋಚಿಸಿದಷ್ಟೂ ಗೋಜಲಾಗುತ್ತದೆ. ಕತ್ತೆಗೆ ಕೈ ಮುಗಿದು ಸುಮ್ಮನಾಗುತ್ತೇನೆ.

ಬಿಲ್ಲೆ ಸಿಕ್ಕಿತೆಂದು ಹೇಳಲು ಈಗ ಅವನಿಗೆ ಫೋನ್ ಮಾಡಿದೆ. ನಮ್ಮಿಬ್ಬರ ನಡುವೆ ಆರಾಮ ಎಂಬ ಪದಕ್ಕೆ ನಿಷೇಧವಿದೆ. ನೇರವಾಗಿಯೇ ಕೇಳಬೇಕು, ಪಿಸುಗುಟ್ಟಬಾರದು. ನಾನು ಕೇಳಿದೆ. “ಇಲ್ರಿ ಸರ, ಈ ತಿಂಗಳು ಒಮ್ಮೆನೂ ಅನಿಸಿಲ್ಲ” ಅಂದ. ಹೋದ ತಿಂಗಳು ಒಮ್ಮೆ ಅನಿಸಿದಾಗ ಅವನೇ ಫೋನ್ ಮಾಡಿದ್ದ. ಹಾಗಾಗಿ ಅವನ ಮಾತನ್ನು ನಂಬುತ್ತೇನೆ.

“ನಿಮಗ್ರಿ?” ಅಂದ.

ಐದು ವರ್ಷದಲ್ಲಿ ಅವನು ತಿರುಗಿ ಕೇಳಿದ್ದು ಇದೇ ಮೊದಲು. ಆರಾಮ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು. ಇಲ್ಲಿ ನನಗೆ ಯಾರೂ ಗೊತ್ತಿಲ್ಲ. ರಿಟೈರ್ ಆದ ಮೇಲೆ ಬೆಳಗಾದರೆ ಏಳುವುದಾದರೂ ಯಾಕೆ ಅನ್ನಿಸುತ್ತದೆ. ಪೆಟ್ಟಿಗೆಗಳನ್ನು ಬಿಚ್ಚದೇ ಇರುವುದು ಸೋಮಾರಿತನದಿಂದಲ್ಲ. ಇದನ್ನು ನಮ್ಮವಳಿಗೂ ಹೇಳಿರಲಿಲ್ಲ.

“ಅಷ್ಟು ದೂರ ಹೋಗಿಲ್ಲ ಕಣಯ್ಯ. ಆದರೆ ಚೆನ್ನಾಗೂ ಇಲ್ಲ” ಎಂದೆ.

ಆ ಕಡೆ ಯಂತ್ರದಲ್ಲಿ ಕಲ್ಲು ಕೊಯ್ಯುವ ಸದ್ದು ನಿಂತಿತು.

“ಮೂರು ತಾಸಿನ ದಾರಿ ಐತ್ರಿ. ಹೊಂಟೆ. ಅಕ್ಕಾರಿಗೆ ಉಪ್ಪಿಟ್ಟು ಮಾಡಾಕ ಹೇಳ್ರಿ” ಅಂದ.

ದಿಂಬಿನ ಕೆಳಗಿನಿಂದ ಅಂಗಿ ತೆಗೆದೆ. ರವೆ ಇರುವ ಪೆಟ್ಟಿಗೆ ಯಾವುದೆಂದು ಕೇಳಲು, ಹಾಗೇ ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನೂ ಹೇಳಲು, ಆ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮವಳಿದ್ದ ಕಡೆಗೆ ಹೋದೆ.