ಮೈ ಚಾಚುವಷ್ಟು ಉದ್ದದ ಕಾರು

ಹಳೆಯ ಕಾರು ಕೊಳ್ಳಲು ಹೋದವರು ಸಾಮಾನ್ಯವಾಗಿ ಬಾನೆಟ್ ಎತ್ತಿ ನೋಡುತ್ತಾರೆ, ಟಯರಿಗೆ ಕಾಲಿನಿಂದ ಮೆಲ್ಲಗೆ ಒಮ್ಮೆ ಒದೆಯುತ್ತಾರೆ, ಸ್ಟೇರಿಂಗ್ ಹಿಡಿದು ಕೂತು ಕನ್ನಡಿಯಲ್ಲಿ ತಮ್ಮ ಮುಖವನ್ನೂ ನೋಡಿಕೊಳ್ಳುತ್ತಾರೆ. ನಾನು ಹಿಂದಿನ ಡಿಕ್ಕಿಯಲ್ಲಿ ಮಲಗಿ ನೋಡಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಮಾರುವ ಅಂಗಳಗಳಿವೆಯಲ್ಲ, ಅಲ್ಲಿ ಹೋದ ಬೇಸಿಗೆಯ ರಜೆಯಲ್ಲಿ ಇನ್‌ಶರ್ಟ್ ಮಾಡಿಕೊಂಡ ಕನ್ನಡಕದ ಮನುಷ್ಯನೊಬ್ಬ ಚಪ್ಪಲಿ ಬಿಚ್ಚಿಟ್ಟು, ಕಾರಿನ ಹಿಂಬಾಗಿಲಿನಿಂದ ಒಳಗೆ ತೂರಿ, ಎದೆಯ ಮೇಲೆ ಕೈ ಜೋಡಿಸಿಕೊಂಡು ಅಂಗಾತ ಮಲಗಿದ್ದನ್ನು ನೀವು ಕಂಡಿದ್ದರೆ, ಅದು ನಾನೇ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ತಲೆ ಸರಿಯಾಗಿಯೇ ಇದೆ.

"ಸರ್, ಎಲ್ಲಾರೂ ಎಂಜಿನ್ ನೋಡ್ತಾರ್ರಿ. ನೀವ್ ಬಂದವ್ರ ಮಲಕೊಂಡ ಬಿಟ್ರಿ," ಎಂದ ಒಂದು ಅಂಗಳದ ಮಾರಾಟಗಾರ, ಬಗ್ಗಿ ನನ್ನ ಮುಖವನ್ನೇ ನೋಡುತ್ತ.

"ಅಳತಿ ನೋಡಾಕತ್ತೇನ್ರಿ."

"ಯಾರ ಅಳತೀರಿ?"

"ನಮ್ಮ ಅಕ್ಕಂದು."

ಆತ ಸಟ್ಟನೆ ನೆಟ್ಟಗಾದ. ಹೊಸದಾಗಿ ಬಂದ ಗಿರಾಕಿಯ ಕಡೆಗೆ ಸ್ವಲ್ಪ ಬೇಗನೆಯೇ ನಡೆದುಬಿಟ್ಟ. ನಾನು ಇನ್ನೂ ಒಂದಿಷ್ಟು ಹೊತ್ತು ಮಲಗಿದ್ದೆ. ಬಿಸಿಲಿಗೆ ಕಾದ ಹಳೆಯ ಕಾರಿನೊಳಗೆ ಒಂದು ಜೊಂಪು ಇರುತ್ತದೆ. ರೆಕ್ಸಿನ್ನಿನ ವಾಸನೆ, ಯಾರದೋ ಹಳೆಯ ಪ್ರವಾಸದ ಧೂಳು, ಗಾಜಿನಾಚೆ ನಿಧಾನವಾಗಿ ಸರಿಯುವ ಮೋಡ. ಆ ಬೇಸಿಗೆಯಲ್ಲಿ ನಾನು ಬಹಳ ಕಾರುಗಳನ್ನು ನೋಡಿದೆ ಎನ್ನುವುದಕ್ಕಿಂತ, ಬಹಳ ಕಾರುಗಳಲ್ಲಿ ತೂಕಡಿಸಿದೆ ಎನ್ನುವುದೇ ಹೆಚ್ಚು ಸರಿ.

ಅಕ್ಕನ ಹೆಸರು ಗೌತಮಿ. ನನಗಿಂತ ಆರೇಳು ವರ್ಷ ದೊಡ್ಡವಳು, ಎತ್ತರದಲ್ಲಿ ಹೆಚ್ಚು ಕಡಿಮೆ ನನ್ನಷ್ಟೇ. ಅದಕ್ಕೇ ಅವಳ ಬದಲಿಗೆ ನಾನು ಮಲಗುತ್ತಿದ್ದದ್ದು. ಅಮ್ಮಿನಬಾವಿಯ ಸಾಲೆಯಲ್ಲಿ ಟೀಚರಾಗಿದ್ದಳು. ಒಂದು ದಿನ ಬಸ್ಸಿನಿಂದ ಇಳಿಯುವಾಗ ಕಾಲು ಜಾರಿ ಬಿದ್ದಳು. ಪೆಟ್ಟು ಬಿದ್ದದ್ದು ಬೆನ್ನೆಲುಬಿಗೆ. ಆಪರೇಷನ್ ಆಯಿತು, ಕೋಲು ಹಿಡಿದು ಮನೆಯೊಳಗೆ ನಡೆಯುವಷ್ಟೂ ಆಯಿತು. ನಿಲ್ಲಬಲ್ಲಳು, ಮಲಗಬಲ್ಲಳು. ಕೂರಲು ಮಾತ್ರ ಆಗುವುದಿಲ್ಲ. ಒಂದು ಕಪ್ ಚಹಾ ಮುಗಿಯುವುದರೊಳಗೆ ಬೆನ್ನಿನಲ್ಲಿ ಕೆಂಡ ಇಟ್ಟಂತಾಗುತ್ತದೆ.

ಕೂರುವುದು ಎಷ್ಟು ದೊಡ್ಡ ಸಂಗತಿ ಎಂದು ಆಮೇಲೆಯೇ ನನಗೆ ಹೊಳೆದದ್ದು. ಈ ಜಗತ್ತನ್ನು ಕೂರುವವರೇ ಕೂರುವವರಿಗಾಗಿ ಕಟ್ಟಿಕೊಂಡಿದ್ದಾರೆ. ಬಸ್ಸು, ಕಚೇರಿ, ಮದುವೆ ಮಂಟಪ, ನಾಟಕದ ಥಿಯೇಟರು, ಎಲ್ಲಿ ಹೋದರೂ ಮೊದಲ ಮಾತೇ "ಕುಂದರ್ರಿ". ಹಿಂದೆ ಹೀಗಿರಲಿಲ್ಲ. ರಾಜರು ಪಲ್ಲಕ್ಕಿಯಲ್ಲಿ ದಿಂಬಿಗೆ ಒರಗಿ ಹೋದರು. ನಮ್ಮ ಕಡೆಯ ಕೊಲ್ಲಾರಿ ಗಾಡಿಯಲ್ಲಿ, ಚಾಪೆಯ ಕಮಾನಿನ ಕೆಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ, ಹೆಂಗಸರು ಮಕ್ಕಳು ಊರು ಬರುವ ತನಕ ಮಲಗಿಯೇ ಹೋದರು. ನೆಟ್ಟಗೆ ಕೂತು ಪ್ರಯಾಣ ಮಾಡುವ ಶಿಕ್ಷೆ ತೀರಾ ಈಚಿನದು. ಇದನ್ನು ಒಂದು ಪ್ರೌಢ ಪ್ರಬಂಧವಾಗಿ ಬರೆಯಬೇಕೆಂದು ಹೆಂಡತಿ ರತ್ನಾಳಿಗೆ ಹೇಳಿದೆ. ಅವಳು ನರ್ಸು. "ಮೊದಲ ಕಾರು ನೋಡ್ರಿ," ಎಂದಳು.

ಅಕ್ಕ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ನಮ್ಮ ಮನೆಯಲ್ಲೇ ಇದ್ದಾಳೆ. ಬಿದ್ದ ಮೇಲೆ ಎರಡು ವರ್ಷ ಅವಳು ಹೊರಗೆ ಹೋದದ್ದು ಆಸ್ಪತ್ರೆಗೆ ಮಾತ್ರ, ಅದೂ ಅಂಬ್ಯುಲೆನ್ಸಿನಲ್ಲಿ. ಪ್ರತಿ ಸಲ ಮರಳಿ ಬಂದಾಗಲೂ ಗೋಡೆಗೆ ಮುಖ ತಿರುಗಿಸಿಕೊಂಡು ಮಲಗುತ್ತಿದ್ದಳು. "ಗಾಡಿ ಹೋದಲ್ಲೆಲ್ಲಾ ಮಂದಿ ನಿಂತು ಕೈ ಮುಗಿತಾರ. ನಾ ಇನ್ನ ಇದ್ದೇನ್ರಪಾ ಅಂತ ಹೇಳೂಣಂದ್ರ, ಕಿಡಕಿ ಗಾಜಿಗೆಲ್ಲಾ ಬಿಳೇ ಬಣ್ಣ ಬಳದಾರ," ಎಂದು ಒಮ್ಮೆ ಅಂದಳು. ನಾವು ನಕ್ಕೆವು. ಅವಳು ನಗಲಿಲ್ಲ.

ಆವತ್ತೇ ನಾನು ಮನಸ್ಸಿನಲ್ಲಿ ಕಾರು ಕೊಂಡೆ. ನಿಜವಾದ ಕಾರು ಸಿಗಲು ತಡವಾಯಿತು. ನನ್ನ ಹತ್ತಿರವಿದ್ದ ದುಡ್ಡು ಹೊಸ ಕಾರಿನ ಮೂತಿಗೆ ಸಾಲುತ್ತಿತ್ತು, ಬಾಲಕ್ಕೆ ಸಾಲುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದೋ ಬಾಲವೇ. ಡಿಕ್ಕಿಯನ್ನೂ ಛಾವಣಿಯೊಳಗೆ ಸೇರಿಸಿಕೊಂಡ, ಹಿಂದಿನ ಸೀಟು ಮಡಚಿದರೆ ಒಂದು ಮಂಚದಷ್ಟು ಜಾಗ ಬಿಡುವ ಉದ್ದನೆಯ ಕಾರುಗಳಿರುತ್ತವೆ, ಸ್ಟೇಷನ್ ವ್ಯಾಗನ್ ಎನ್ನುತ್ತಾರೆ. ಬೇರೆ ದೇಶಗಳಲ್ಲಿ ಅವು ಸಂಸಾರಸ್ಥರ ಕಾರುಗಳಂತೆ. ನಮ್ಮಲ್ಲಿ ಯಾಕೋ ಯಾರೂ ಒಲಿಯಲಿಲ್ಲ. ಸಾಮಾನು ಸಾಗಿಸುವ ಗಾಡಿ ಎಂದು ಮುಖ ತಿರುವಿದರು. ಬಂದ ಕೆಲವೂ ಬೇಗ ನಿಂತುಹೋದವು. ಹೀಗಾಗಿ ಅಂಥದೊಂದನ್ನು ಹುಡುಕುವುದೆಂದರೆ, ಎಂದೋ ಒಮ್ಮೆ ಕನಸಿನಲ್ಲಿ ಕಂಡ ಮನೆಯ ವಿಳಾಸ ಕೇಳುತ್ತ ಓಣಿ ಓಣಿ ಅಲೆದ ಹಾಗೆ.

ರತ್ನಾಳಿಗೆ ಕನಸುಗಳಲ್ಲಿ ನಂಬಿಕೆಯಿಲ್ಲ. ಅವಳು ಒಂದು ಎತ್ತರದ ಡಬ್ಬಿಯಂಥ ವ್ಯಾನ್ ಗೊತ್ತು ಮಾಡಿದಳು. ರೇಟು ಕಡಿಮೆ, ಓಣಿಗೊಂದು ರಿಪೇರಿ ಅಂಗಡಿ, ಯಾವ ಭಾಗ ಕೆಟ್ಟರೂ ಸಂಜೆಯೊಳಗೆ ಸಿಗುತ್ತದೆ. ಅವಳ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ವ್ಯಾನು ಮನೆಯ ಮುಂದೆ ಬಂದು ನಿಂತಿತು. ಅಕ್ಕ ಕೋಲು ಊರಿಕೊಂಡು ಬಾಗಿಲ ತನಕ ಬಂದಳು, ನೋಡಿದಳು.

"ಇದು ಅಂಬ್ಯುಲೆನ್ಸಿನ ತಂಗಿ," ಎಂದಳು.

"ಬಣ್ಣಾ ಬದಲಿ ಮಾಡ್ಸೂಣು, ಅಕ್ಕಾರ," ಎಂದಳು ರತ್ನಾ.

"ಬಣ್ಣದ ಮಾತಲ್ಲವ್ವಾ. ಇಷ್ಟ ಎತ್ತರಕ ನಾ ಹತ್ತಬೇಕಂದ್ರ ನೀವಿಬ್ರೂ ಹಿಡದು ಎತ್ತಬೇಕು. ಒಳಗ ಮಲಕೊಂಡ್ರ ಕಿಡಕಿ ಅಲ್ಲೆಲ್ಲೋ ಮ್ಯಾಲೆ. ಮೂಟಿ ಹಾಕ್ಕೊಂಡು ಹೋದಂಗ ನನ್ನ ಒಯ್ಯಬ್ಯಾಡ್ರಿ. ನಾ ಎಲ್ಲಿಗೂ ಬರೂದಿಲ್ಲ, ಬಿಡ್ರಿ."

ವ್ಯಾನು ಹಿಂತಿರುಗಿ ಹೋಯಿತು. ಅಕ್ಕನನ್ನು ಸಮಾಧಾನ ಮಾಡಲು ನಾನು ಷೋಕೇಸಿನಲ್ಲಿದ್ದ ಪುಟ್ಟ ಮೂರ್ತಿಯನ್ನು ತೋರಿಸಿದೆ. ನಮ್ಮದು ಬೌದ್ಧರ ಮನೆ. ಬಲಗೈಯನ್ನು ತಲೆದಿಂಬು ಮಾಡಿಕೊಂಡು ಪ್ರಸನ್ನವಾಗಿ ಮಲಗಿದ ಬುದ್ಧನ ಮೂರ್ತಿ ಅದು. "ನೋಡಕ್ಕಾ, ಮಲಗೂದು ಸಣ್ಣ ಮಾತಲ್ಲ," ಎಂದೆ.

ಅವಳು ಮೂರ್ತಿಯನ್ನೇ ನೋಡುತ್ತ ಹೇಳಿದಳು: "ತಮ್ಮಾ, ಅವರು ಅಡ್ಡಾಡೂದೆಲ್ಲಾ ಮುಗಿಸಿ ಮಲಕೊಂಡ್ರು. ನಂದು ಅಡ್ಡಾಡೂದು ಇನ್ನ ಬಾಕಿ ಐತಿ."

ಎಲ್ಲಿಗೂ ಬರುವುದಿಲ್ಲ ಎಂದವಳ ಬಾಯಿಂದಲೇ ಬಂದ ಮಾತಿದು. ಮರುದಿನ ನಾನು ಮತ್ತೆ ಹುಡುಕಲು ಹೊರಟೆ.

ಧಾರವಾಡದ ಟೋಲ್ ನಾಕಾದ ಹಿಂದಿನ ಓಣಿಯಲ್ಲಿ ಜೈನಾಬಿ ಎಂಬುವವರ ಹತ್ತಿರ ಅಂಥದೊಂದು ಕಾರಿದೆ ಎಂದು ಕಾಲೇಜಿನ ಗೆಳೆಯನೊಬ್ಬ ಹೇಳಿದ. ಅವರದು ಮನೆತನದ ಬೇಕರಿ. ಗಂಡ ತೀರಿದ ಮೇಲೆ ಜೈನಾಬಿಯವರೇ ಕಾರು ಕಲಿತು, ದಿನಾ ಬೆಳಗಾಗುತ್ತಲೇ ಹುಬ್ಬಳ್ಳಿಯ ತನಕ ಅಂಗಡಿಗಳಿಗೆ ಬನ್ನು, ಟೋಸ್ಟು, ಖಾರಿ ಮುಟ್ಟಿಸಿ ಬರುತ್ತಿದ್ದರಂತೆ. ನಾನು ಹೋದಾಗ ಕಾರು ಹುಣಸೆ ಗಿಡದ ನೆರಳಿನಲ್ಲಿ ನಿಂತಿತ್ತು. ತಿಳಿ ನೀಲಿ, ಬಿಸಿಲಿಗೆ ಅಲ್ಲಲ್ಲಿ ಬೆಳ್ಳಗಾಗಿ, ತೊಳೆದು ತೊಳೆದು ಮಾಸಿದ ಸೀರೆಯ ಬಣ್ಣಕ್ಕೆ ಬಂದಿತ್ತು. ಉದ್ದವಾಗಿತ್ತು, ತಗ್ಗಾಗಿತ್ತು. ಒಳಗಿನಿಂದ ಈಗಲೂ ತುಪ್ಪದ ಬಿಸ್ಕೀಟಿನ ವಾಸನೆ ಬರುತ್ತಿತ್ತು.

ನಾನು ಕಾರಿನ ಬಗ್ಗೆ ವಿಚಾರಿಸುವ ಮೊದಲೇ ಅವರು ನನ್ನನ್ನು ವಿಚಾರಿಸಿದರು.

"ಏನ್ ತುಂಬಾವ್ರು ಇದರಾಗ? ಉಳ್ಳಾಗಡ್ಡಿ ವ್ಯಾಪಾರದವ್ರು ಒಬ್ರು ಕೇಳಿದ್ರು. ನಾ ಕೊಡೂದಿಲ್ಲಂದೆ."

"ನಮ್ಮ ಅಕ್ಕನ್ನರಿ," ಎಂದೆ.

ಜೈನಾಬಿ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ನಾನು ಎಲ್ಲ ಹೇಳಿದೆ. ವ್ಯಾನಿನ ಕಥೆಯನ್ನೂ ಹೇಳಿದೆ. ಅವರು ಸೆರಗಿನಿಂದ ಕಾರಿನ ಗಾಜು ಒರೆಸುತ್ತ, "ಆಕಿ ಬಂದು ನೋಡೂದು ಆಗೂದಿಲ್ಲಲ್ಲ. ನಾನ ಬರ್ತೇನಿ, ತಗೋರಿ," ಎಂದರು.

ಭಾನುವಾರ ಬೆಳಿಗ್ಗೆ ತಾವೇ ಓಡಿಸಿಕೊಂಡು ಬೆಂಗೇರಿಗೆ ಬಂದರು. ಹಿಂಬಾಗಿಲನ್ನು ಎತ್ತಿ ನಿಲ್ಲಿಸುವ ಸ್ಪ್ರಿಂಗ್ ಸೋತಿತ್ತು; ಅದನ್ನು ಯಾರಾದರೂ ಹಿಡಿದಿರಬೇಕು. ಆ ಕೆಲಸ ನನಗೆ ಬಂತು. ಅಕ್ಕ ಕೋಲಿನೊಂದಿಗೆ ಬಂದು ನಿಂತಳು, ಮುಖ ಬಿಗಿಯಾಗಿತ್ತು. ಜೈನಾಬಿ ಮಡಚಿದ ಸೀಟಿನ ಮೇಲೆ ಚಾದರ ಹಾಸಿದರು, ಅಂಚಿನ ಮೇಲೆ ಕೂತರು, ಹೊರಳಿದರು, ಮಲಗಿಯೇಬಿಟ್ಟರು.

"ಬರ್ರಿ ಟೀಚರ, ಜಾಗಾ ಐತಿ," ಎಂದು ಪಕ್ಕಕ್ಕೆ ಸರಿದರು.

ಅಕ್ಕ ನನ್ನ ಕಡೆಗೊಮ್ಮೆ, ರತ್ನಾಳ ಕಡೆಗೊಮ್ಮೆ ನೋಡಿದಳು. ಆಮೇಲೆ ಕೋಲನ್ನು ರತ್ನಾಳಿಗೆ ಕೊಟ್ಟು, ಅಂಚಿಗೆ ಸೊಂಟ ಆನಿಸಿ, ಯಾರ ಕೈಯನ್ನೂ ಹಿಡಿಯದೆ ಮೆಲ್ಲಗೆ ಹೊರಳಿಕೊಂಡಳು. ಆ ಕಾರು ಅಷ್ಟು ತಗ್ಗಾಗಿತ್ತು. ನಾನು ಛತ್ರಿ ಹಿಡಿಯುವ ಆಳಿನ ಹಾಗೆ ಬಾಗಿಲು ಹಿಡಿದು ನಿಂತಿದ್ದೆ. ಒಳಗೆ ಇಬ್ಬರು ಹೆಂಗಸರು ಪಕ್ಕಪಕ್ಕದಲ್ಲಿ ಅಂಗಾತ ಮಲಗಿದ್ದರು.

"ಕಿಡಕಿ ಸರಿಯಾಗಿ ಕಣ್ಣಿಗೆ ಬರ್ತೈತಿ ನೋಡ್ರಿ," ಎಂದರು ಜೈನಾಬಿ. "ನನಗ ಗೊತ್ತು. ಅಂಗಡಿಗೆಲ್ಲಾ ಮಾಲು ಕೊಟ್ಟು, ಬರೂವಾಗ ಉಣಕಲ್ ಕೆರಿ ದಂಡಿಗೆ ಹಚ್ಚಿ, ಸ್ವಲ್ಪ ಹೊತ್ತ ಹಿಂದ ಬಂದ್ ಹಿಂಗ ಮಲಕೊಂತಿದ್ದೆ. ಮನ್ಯಾಗ ಯಾರಿಗೂ ಹೇಳಿಲ್ಲ. ಇಡೀ ದಿನದಾಗ ನನ್ನದು ಅಂತ ಇದ್ದದ್ದು ಅಷ್ಟ ಹೊತ್ತರಿ."

"ಈಗ್ಯಾಕ ಕೊಡಾಕತ್ತೀರಿ ಮತ್ತ?" ಎಂದಳು ಅಕ್ಕ.

"ಹುಡುಗ್ರು ಹೊಸಾ ಟೆಂಪೋ ತಂದಾರ. ನನಗ ಮನ್ಯಾಗ ಆರಾಮ ಇರು ಅಂತಾರ. ಮನ್ಯಾಗ ಎಲ್ಲಿ ಆರಾಮ್ರಿ?"

ಅಕ್ಕ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು. ಆಮೇಲೆ ಒಳಗಿನಿಂದ ಕೂಗಿದಳು: "ತಮ್ಮಾ, ನಮ್ಮ ಮನಿ ಮುಂದಿನ ಬೇವಿನ ಗಿಡ ಇಷ್ಟ ದೊಡ್ಡದು ಐತೇನೋ?"

ಕೊಳ್ಳುವಾಗ ಮಾಡಬೇಕಾದ ವ್ಯವಹಾರವನ್ನೆಲ್ಲ ನಾನು ಮಾಡಿದೆ, ಇಲ್ಲವೆಂದಲ್ಲ. ಗ್ಯಾರೇಜಿನವರನ್ನು ಮನೆಗೇ ಕರೆಸಿ ಕೆಳಗಿನ ತಗಡು ನೋಡಿಸಿದೆ, ತುಕ್ಕು ಇತ್ತು, ತೂತು ಇರಲಿಲ್ಲ. ಕ್ಲಚ್ ಬದಲಾಯಿಸಬೇಕಿತ್ತು. ಬಿಡಿಭಾಗಗಳಿಗೆ ಮುಂದೆ ತಿಣುಕಾಡುವುದು ಖಚಿತ ಎಂದೂ ಗೊತ್ತಾಯಿತು. ಇದನ್ನೆಲ್ಲ ಮುಂದಿಟ್ಟು ಜೈನಾಬಿಯವರ ಹತ್ತಿರ ಗಂಭೀರವಾಗಿ ಚೌಕಾಸಿಗೆ ಇಳಿದೆ. ಕಾರಿನೊಳಗಿಂದ ಅಕ್ಕ "ತಮ್ಮಾ, ಸುಮ್ನಿರು" ಎಂದಳು. ಚೌಕಾಸಿ ಅಲ್ಲಿಗೆ ಮುಗಿಯಿತು. ಜೈನಾಬಿ ತಾವಾಗಿಯೇ ಸ್ವಲ್ಪ ಇಳಿಸಿದರು, ನಮ್ಮ ಕೈಗೆ ಎಟುಕಿತು. ಗಾದಿಯವನ ಕಡೆಯಿಂದ ಅಳತೆಗೆ ಸರಿಯಾದ ಹಾಸಿಗೆ ಹೊಲಿಸಿದೆವು, ಮಲಗಿದವರನ್ನು ಅಲುಗಾಡದಂತೆ ಹಿಡಿಯುವ ಅಗಲದ ಪಟ್ಟಿಗಳನ್ನೂ ಹಾಕಿಸಿದೆವು. ಸೀಟಿನ ಒಂದು ಭಾಗವನ್ನಷ್ಟೇ ಮಡಚಿದರೆ ಪಕ್ಕದಲ್ಲಿ ಇನ್ನೊಬ್ಬರು ಕೂರಬಹುದು. ಡಾಕ್ಟರು ಸಾವಕಾಶ ಹೋಗಿ ಎಂದರು. ನನಗೆ ಬೇರೆ ವೇಗ ಗೊತ್ತೂ ಇಲ್ಲ.

ಮಳೆಗಾಲ ಹಿಂದೆ ಸರಿಯುತ್ತಿದ್ದ ಒಂದು ಮಧ್ಯಾಹ್ನ ಮೂವರೂ ಧಾರವಾಡದ ಕೆಲಗೇರಿ ಕೆರೆಗೆ ಹೊರಟೆವು. ಅಕ್ಕ ಮಲಗಿದ್ದಳು, ರತ್ನಾ ಅವಳ ಪಕ್ಕದಲ್ಲಿ. ಹುಬ್ಬಳ್ಳಿ-ಧಾರವಾಡದ ಆ ರಸ್ತೆಯಲ್ಲಿ ನಾನು ಅರ್ಧ ಆಯುಷ್ಯ ಓಡಾಡಿದ್ದೇನೆ, ಆದರೆ ಅದರ ಮೇಲ್ಭಾಗವನ್ನು ಎಂದೂ ನೋಡಿರಲಿಲ್ಲ. ಅಕ್ಕ ನೋಡಿ ನೋಡಿ ಹೇಳುತ್ತಿದ್ದಳು. ತಂತಿಗಳು ಸರಿದವು, ಮೇಲ್ಸೇತುವೆಯ ನೆರಳು ಹೊಟ್ಟೆಯ ಮೇಲೆ ಹಾದು ಹೋಯಿತು. ಒಮ್ಮೆಲೇ ಆಕಾಶ ಅಗಲವಾಯಿತು. "ಉಣಕಲ್ ಕೆರಿ," ಎಂದಳು. ಸ್ವಲ್ಪ ದೂರ ಹೋದ ಮೇಲೆ ಗಾಳಿಯಲ್ಲಿ ಪೇರಲದ ವಾಸನೆ ಬಂತು. "ನವಲೂರು," ಎಂದಳು. ಆಮೇಲೆ ಬಿಸಿಲು ಎಲೆಗಳ ನಡುವೆ ಚೂರು ಚೂರಾಗಿ ಅವಳ ಮುಖದ ಮೇಲೆ ಬೀಳತೊಡಗಿತು. "ಧಾರವಾಡ ಬಂತು ನೋಡ್ರಿ, ಗಿಡಾ ಶುರುವಾದ್ವು."

ಕೆಲಗೇರಿಯಲ್ಲಿ ದಂಡೆಯ ಹತ್ತಿರ ಕಾರು ಹಚ್ಚಿ ಹಿಂಬಾಗಿಲು ಎತ್ತಿದೆ. ಅಕ್ಕ ಮಗ್ಗುಲಾಗಿ ಮಲಗಿ ನೀರು ನೋಡಿದಳು. ಒಂದು ಬೆಳ್ಳಕ್ಕಿ ಒಂದೇ ಕಾಲಿನ ಮೇಲೆ ನಿಂತಿತ್ತು. ಬಾಗಿಲನ್ನು ಒಂದಿಷ್ಟು ಹೊತ್ತು ರತ್ನಾಳ ಕೈಗೆ ಕೊಟ್ಟು ಗಿರ್ಮಿಟ್ ತಂದುಕೊಟ್ಟೆ. ಮಲಗಿ ಗಿರ್ಮಿಟ್ ತಿನ್ನುವುದು ಎಲ್ಲರಿಗೂ ಆಗುವ ಕೆಲಸವಲ್ಲ; ಚುರಮುರಿ ಕೊರಳೊಳಗೆ ಇಳಿದು ಅವಳು ಕೆಮ್ಮುತ್ತ ನಗುತ್ತ ಕಣ್ಣೀರು ಸುರಿಸಿದಳು. ಕೆಮ್ಮು ನಿಂತ ಮೇಲೂ ಕಣ್ಣೀರು ಸ್ವಲ್ಪ ಹೊತ್ತು ಸುರಿಯಿತು. ರತ್ನಾ ಸೆರಗಿನಿಂದ ಅವಳ ಮುಖ ಒರೆಸಿದಳು. ನಾನು ಬೆಳ್ಳಕ್ಕಿಯ ಕಡೆಗೆ ನೋಡುತ್ತ ಬಾಗಿಲು ಹಿಡಿದು ನಿಂತೇ ಇದ್ದೆ.

ಮರಳುವಾಗ ಹಿಂದಿನಿಂದ ಊರಿನ ಹೆಸರುಗಳು ಬರಲಿಲ್ಲ. ನವಲೂರು ದಾಟಿತು, ಉಣಕಲ್ ದಾಟಿತು. ಕನ್ನಡಿಯಲ್ಲಿ ರತ್ನಾ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅಕ್ಕನಿಗೆ ನಿದ್ದೆ ಹತ್ತಿತ್ತು. ಬಿದ್ದಂದಿನಿಂದ ನೋವು ಅವಳನ್ನು ಒಂದು ಗಳಿಗೆಯೂ ನೆಮ್ಮದಿಯಾಗಿ ನಿದ್ದೆ ಮಾಡಗೊಟ್ಟಿರಲಿಲ್ಲ. ನಮಗಿಬ್ಬರಿಗೂ ಅದು ಗೊತ್ತಿತ್ತು. ಮನೆಯ ಮುಂದೆ ಬಂದು ಎಂಜಿನ್ ನಿಲ್ಲಿಸಿದೆ. ಸದ್ದು ನಿಂತ ಕೂಡಲೇ ಅವಳು ಮಿಸುಕಾಡಿದಳು, ಹುಬ್ಬು ಗಂಟಿಕ್ಕಿದಳು. ನಾನು ಗಡಬಡಿಸಿ ಮತ್ತೆ ಚಾವಿ ತಿರುವಿದೆ.

ಹಾಗೆ ಶುರುವಾಯಿತು ಬೆಂಗೇರಿಯ ಪ್ರದಕ್ಷಿಣೆ. ಹಿಟ್ಟಿನ ಗಿರಣಿ, ಕಾಯಿಪಲ್ಲೆ ಗಾಡಿಗಳು, ಇಸ್ತ್ರಿ ಅಂಗಡಿ, ಮತ್ತೆ ನಮ್ಮ ಮನೆ, ಮತ್ತೆ ಹಿಟ್ಟಿನ ಗಿರಣಿ. ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಅಂಗಳಕ್ಕೆ ನೀರು ಹೊಡೆಯುತ್ತಿದ್ದ ನೆರೆಮನೆಯ ಕಾಕಾ ನಾವು ಮತ್ತೊಮ್ಮೆ ಹಾದುಹೋದಾಗ ತಾಳಲಾರದೆ, "ಸರ್, ಮನಿ ಸಿಗವಲ್ದೇನ್ರಿ?" ಎಂದರು. ನಾನು ಕೈಯಾಡಿಸಿದೆ. ಒಂದು ಊರಿನಿಂದ ಇನ್ನೊಂದು ಊರಿಗೆ ಮುಟ್ಟಿಸಲಿಕ್ಕೆ ಕಾರು ಬೇಕು ಎಂದು ತಿಳಿದವನು ನಾನು. ಅದಕ್ಕಾಗಿಯೇ ಅಷ್ಟು ಯೋಚಿಸಿ, ಅಳೆದು, ಆರಿಸಿದ್ದೆ. ಕೊಂಡದ್ದು ಸಾರ್ಥಕವಾಯಿತು ಎನ್ನಿಸಿದ್ದು ಮಾತ್ರ ಅದು ಎಲ್ಲಿಗೂ ಹೋಗದೆ ಸುತ್ತುತ್ತಿದ್ದಾಗ.

ಹಿಟ್ಟಿನ ಗಿರಣಿಯ ತಿರುವಿನಲ್ಲಿ ಹಿಂದಿನಿಂದ ನಿದ್ದೆಗಣ್ಣಿನ ಧ್ವನಿ ಬಂತು.

"ಎಲ್ಲಿದ್ದೀವೋ ತಮ್ಮಾ?"

"ಇಲ್ಲೇ, ಬೆಂಗೇರ್ಯಾಗ."

"ಮನಿ ಬಂತೇನು?"

"ಬಂದ್ ಭಾಳ ಹೊತ್ತಾತಕ್ಕಾ."

ಹಿಂದೆ ಅವಳು ಚಾದರ ಎಳೆದುಕೊಂಡ ಸಪ್ಪಳ ಕೇಳಿತು.

"ಹಂಗಾರ ಇನ್ನೊಂದ್ ಸುತ್ತ ಹೊಡಿ," ಎಂದಳು.