ಪದ್ದು ಕೊಡಚಾದ್ರಿಗೆ ಬಂದಿರಲಿಲ್ಲ

ಮಂಜಿನೊಳಗೆ ಎಲ್ಲೋ ಮೇಲೆ ಜೀಪೊಂದು ಫಸ್ಟ್ ಗೇರಿನಲ್ಲಿ ನರಳುತ್ತಿತ್ತು. ಆಮೇಲೆ ಆ ಸದ್ದೂ ನಿಂತಿತು. ಕೊಡಚಾದ್ರಿಯ ಆ ಬೆಳಿಗ್ಗೆ ನೆನಪಾದರೆ ಮೊದಲು ಕಿವಿಗೆ ಬರುವುದು ಅದೇ. ನಾನು ಇಂಥದ್ದನ್ನೆಲ್ಲ ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ದೇವರನ್ನು ಕಲಿಸಿದರು. ಉಳಿದದ್ದನ್ನೆಲ್ಲ ‘ನಾನ್‌ಸೆನ್ಸ್’ ಎಂಬ ಒಂದೇ ಮಾತಿನಲ್ಲಿ ಓಡಿಸಿದರು. ಯಾರಾದರೂ ಇಂಥ ಕಥೆ ಹೇಳಿದರೆ, ಬಿ.ಪಿ. ಚೆಕ್ ಮಾಡಿಸಿದಿರಾ ಎಂದು ಕೇಳುತ್ತಿದ್ದವಳು ನಾನು.

ಟ್ರೆಕ್ಕಿಂಗ್ ನನಗೆ ಐವತ್ತು ದಾಟಿದ ಮೇಲೆ ಹಿಡಿದ ಹುಚ್ಚು. ನಾಲ್ಕು ಸಲ ಹಿಮಾಲಯಕ್ಕೆ ಹೋಗಿಬಂದಿದ್ದೆ. ಅರವತ್ತಾರರಲ್ಲಿ ಹಾರ್ಟ್ ಕೈಕೊಟ್ಟಿತು. ಎರಡು ಸ್ಟೆಂಟ್, ಒಂದು ವರ್ಷ ಅಂಗಳದಲ್ಲೇ ವಾಕಿಂಗ್. ಮೊದಲು ಇಲ್ಲಿಯದೇ ಒಂದು ಬೆಟ್ಟ ನಿಧಾನ ಹತ್ತಿ, ಆಮೇಲೆ ಹಿಮಾಲಯದ ಮಾತು ಎಂದರು ಡಾಕ್ಟರು. ನನ್ನ ಮಟ್ಟಿಗೆ ಅದು ಕೊನೆಯ ಎಕ್ಸಾಮ್.

ಕುಂದಾಪುರದ ನಾಲ್ವರು ಗೆಳೆಯರ ಜೊತೆ ಕೊಲ್ಲೂರಿನ ಕಡೆಯಿಂದ ಹೊರಟೆ. ಕಡಿದಾದ ಜಾಗದಲ್ಲಿ ಹಿಂದೆ ಬಿದ್ದೆ. ಅವರು ಮೇಲಿನ ತಿರುವಿನಲ್ಲಿ ಕಾಯುತ್ತೇವೆಂದು ಮುಂದೆ ಹೋದರು. ಆಗಲೇ ಮಂಜು ಇಳಿದದ್ದು. ಎದೆ ನೋಯುತ್ತಿರಲಿಲ್ಲ, ಬರೀ ಹೆದರಿಕೆ. ಕಾಲು ಮಾತ್ರ ಏಳಲೊಲ್ಲದು. ಕೂರಲು ಕಲ್ಲು ಹುಡುಕುತ್ತಿದ್ದೆ.

“ಹ್ವಾಯ್ ಅಮ್ಮ, ಕೂಕಂಬುಕಾಗ! ಕೂಕಂಡ್ರೆ ಏಳುಕೆ ಮನಸ್ ಬತ್ತಿಲ್ಲೆ. ನಿಂತ್ಕಂಡೇ ಉಸ್ರ್ ತಕಣಿ.”

ಪದ್ದು! ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಮೀನು ತರುವವಳು. ಹತ್ತು ಮಾರು ಮುಂದೆ, ಬೆನ್ನು ನನ್ನ ಕಡೆಗೆ, ತಲೆಯ ಮೇಲೆ ಬುಟ್ಟಿ. ಆ ಬೆಟ್ಟದಲ್ಲಿ ಮೀನು ಯಾರಿಗೆ ಎಂದು ನನಗೆ ಹೊಳೆಯಲೇ ಇಲ್ಲ. ಕನಸಿನಲ್ಲೂ ಹಾಗೇ ಅಲ್ಲವೇ, ಯಾವುದೂ ವಿಚಿತ್ರವೆನಿಸುವುದಿಲ್ಲ. ಹೊರೆ ಹೊತ್ತವರು ದಾರಿಯಲ್ಲಿ ಕೂರುವುದಿಲ್ಲ. ಕೂತರೆ ಬುಟ್ಟಿಯನ್ನು ತಲೆಗೇರಿಸಲು ಇನ್ನೊಬ್ಬರು ಬೇಕು. ಪುಟ್ಟ ಪುಟ್ಟ ಹೆಜ್ಜೆ, ನಡುವೆ ನಿಂತು ನಾಲ್ಕು ಉಸಿರು. ಅವಳು ನಡೆದರೆ ನಡೆದೆ, ನಿಂತರೆ ನಿಂತೆ. ಏನೇನೋ ಮಾತಾಡಿದೆವು, ಒಂದೂ ನೆನಪಿಲ್ಲ. ಮಂಜು ಹರಿದಾಗ ಎದುರಿಗೆ ಗೆಳೆಯರಿದ್ದರು, ಪದ್ದು ಇರಲಿಲ್ಲ. ನಿಮ್ಮ ಜೊತೆ ಮಾತಾಡುತ್ತಿದ್ದವರು ಯಾರು ಎಂದು ಅವರೇ ಕೇಳಿದರು. ಅಂದು ತುದಿ ಮುಟ್ಟಿದೆ.

ಎರಡು ದಿನ ಬಿಟ್ಟು ಪದ್ದು ಬಂಗುಡೆ ತಂದಾಗ, ತಮಾಷೆಯೆಂಬಂತೆ ಹೇಳಿದೆ. ಅವಳು ನಗಲಿಲ್ಲ.

“ಅವತ್ತ್ ಆ ಹೊತ್ತಿಗ್ ನಾ ಕೆಳಗ್ ಹೆಮ್ಮಾಡಿಯಗೆ ಇದ್ದಿದ್ದೆ ಅಮ್ಮ. ಸಪಾಟ್ ರಸ್ತೆ. ಎಂತಾಯ್ತೋ, ಉಬ್ಬಸ ಬಂದ್ ಒಂದ್ ಹೆಜ್ಜಿ ಎತ್ತುಕಾಯ್ಲಿಲ್ಲ. ಬುಟ್ಟಿ ಹೊತ್ಕಂಡೇ ನಿಂತಿದ್ದೆ.” ಆಮೇಲೆ ನನ್ನ ಮುಖ ನೋಡಿ ಅವಳೇ ನಕ್ಕಳು. “ಇನ್ನೊಂದ್ ಸಲ ಹತ್ತುಕಿದ್ರೆ ಮೊದ್ಲೇ ಹೇಳಿ ಕಾಣಿ, ಬುಟ್ಟಿ ಮನೆಗ್ ಇಟ್ಟ್ ಬತ್ತೆ!”

ಒತ್ತಾಯ ಮಾಡಿ ಅವಳಿಗೆ ಇ.ಸಿ.ಜಿ. ಮಾಡಿಸಿದೆ. ಎವೆರಿಥಿಂಗ್ ನಾರ್ಮಲ್. ಭಯಕ್ಕೆ ಮೆದುಳು ಇಂಥ ಟ್ರಿಕ್ ಆಡುವುದುಂಟು ಎಂದು ಡಾಕ್ಟರು ನಕ್ಕರು, ನನಗೆ ಹಿಮಾಲಯಕ್ಕೂ ಯೆಸ್ ಎಂದರು. ನನ್ನ ಮೆದುಳಿನ ಮಾತು ಒಪ್ಪಿದೆ. ಆದರೆ ಹೆಮ್ಮಾಡಿಯಲ್ಲಿ ಪದ್ದುವಿಗೆ ಬಂದ ಉಬ್ಬಸ ಯಾರದು?

ಟಿಕೆಟ್ ಬುಕ್ ಮಾಡಿದೆ. ಒಂದು ವಾರ ಬಿಟ್ಟು ನಾನೇ ಕ್ಯಾನ್ಸಲ್ ಮಾಡಿದೆ. ಆ ಹೊತ್ತಿಗೆ ಪದ್ದು ಮೀನಿನ ವ್ಯಾಪಾರ ಬಿಟ್ಟು ಬಿಜೂರಿನ ಮಗಳ ಮನೆ ಸೇರಿದ್ದಳು.

ಅವಳನ್ನು ಕೊನೆಯ ಸಲ ಕಂಡದ್ದು ಟಿಕೆಟ್ ಆದ ಮರುದಿನ. ಹೋಗುವ ವಿಷಯ ಹೇಳಿದೆ. “ಹೋಯ್ ಬನ್ನಿ ಅಮ್ಮ, ನಂಗೆಂತ ಆತಿಲ್ಲೆ” ಎಂದು ಖಾಲಿ ಬುಟ್ಟಿ ಎತ್ತಿಕೊಂಡು ಹೊರಟಳು. ನಮ್ಮ ಕಾಂಪೌಂಡ್ ದಾಟಿ ನಾಲ್ಕು ಹೆಜ್ಜೆ ಇಟ್ಟಿರಬಹುದು, ಗೋಡೆಗೆ ಕೈಯೂರಿ ನಿಂತಳು. ಬೆನ್ನು ಉಬ್ಬಸಕ್ಕೆ ಏರಿಳಿಯುತ್ತಿತ್ತು. ನಾನು ನೋಡುತ್ತಿರುವುದು ಗೊತ್ತಿದ್ದವಳಂತೆ ಬೇಗ ಸೆರಗು ಸರಿಮಾಡಿಕೊಂಡು, ಹಿಂತಿರುಗದೆ ನಡೆದಳು.